ಏಳು ವಾರ ಯಾರೂ ಓದದ ಕಾಗದ

ಬೆಳಗಿನ ಐದೂಮುಕ್ಕಾಲು. ಸ್ಯಾನ್ ಅಂಟೋನಿಯೋದ ವೈದ್ಯಕೀಯ ಕಾಲೇಜೊಂದರ ಎರಡನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಎರ್ಲಿಂದಾ ಬಾರ್ರಿಯೆಂತೋಸ್ ಕೋಟೂ ಬಿಚ್ಚದೆ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಮನೆಯಿಂದ ತಂದ ಮೊಟ್ಟೆ-ಕಾಳಿನ ಟೋರ್ಟಿಯಾ ಪೊಟ್ಟಣದೊಳಗೇ ತಣ್ಣಗಾಗುತ್ತಿದೆ. ಮೊದಲು ವಿದ್ಯಾರ್ಥಿ ಸಂಘದ ಮೇಲ್, ಆಮೇಲೆ ತಿಂಡಿ. ಇವತ್ತು ಹನ್ನೊಂದು ಬಂದಿವೆ. ಒಂಬತ್ತು ಕೆಲಸಕ್ಕೆ ಬಾರದವು. ಒಂದರಲ್ಲಿ ಯಾರೋ ಸಭೆಗೆ ಕೋಣೆ ಕೇಳಿದ್ದಾರೆ. ಇನ್ನೊಂದು, ಅಂಗರಚನೆಯಲ್ಲಿ ಫೇಲಾಗಿ ಅಪ್ಪನಿಗೆ ಹೇಗೆ ಮುಖ ತೋರಿಸಲಿ ಎನ್ನುವ ಹುಡುಗನದು. ಅವನಿಗೆ ಮೊದಲು ಉತ್ತರ ಹೋಗುತ್ತದೆ.

ಅರವತ್ತೆರಡರ ಈಕೆ ಡಾಕ್ಟರಲ್ಲ, ವಿದ್ಯಾರ್ಥಿಯೂ ಅಲ್ಲ, ಕಾಲೇಜಿನ ಕ್ಲರ್ಕು. ಇಪ್ಪತ್ತಾರು ವರ್ಷದ ಸರ್ವೀಸು. ಲ್ಯಾಟಿನೋ ವೈದ್ಯಕೀಯ ವಿದ್ಯಾರ್ಥಿಗಳ ಪ್ರಾಂತ ಸಂಘದ ಪಟ್ಟಿಯಲ್ಲಿ ಎಲ್ಲಿ ಹುಡುಕಿದರೂ ಇವರ ಹೆಸರಿಲ್ಲ. ಪಟ್ಟಿ ಮಾತ್ರ ಉದ್ದವಾಗಿಯೇ ಇದೆ. ಕಾಲೇಜಿಗೊಂದು ಶಾಖೆ, ಹತ್ತೊಂಬತ್ತು ಶಾಖೆ ಸೇರಿ ಒಂದು ಪ್ರಾಂತ, ಅದಕ್ಕೆ ಇಬ್ಬರು ನಿರ್ದೇಶಕರು, ಒಬ್ಬ ಕಾರ್ಯದರ್ಶಿ, ಹೊಸಬರಿಗೆ ದಾರಿ ತೋರುವ ಹಿರಿಯ ಅಕ್ಕನನ್ನೋ ಅಣ್ಣನನ್ನೋ ಗೊತ್ತುಮಾಡಿ ಕೊಡಲು ಇನ್ನೊಬ್ಬರು. ಎಲ್ಲರೂ ವಿದ್ಯಾರ್ಥಿಗಳೇ, ಎಲ್ಲರದೂ ಒಂದೇ ವರ್ಷದ ದರ್ಬಾರು. ಏಪ್ರಿಲ್ ಸಮ್ಮೇಳನದಲ್ಲಿ ಹಳಬರು ಹೊಸಬರನ್ನು ತಬ್ಬಿಕೊಂಡು, ಫೋಟೋ ಹೊಡೆಸಿಕೊಂಡು, ಆಸ್ಪತ್ರೆಯ ಪಾಳಿಗೆ ಓಡುತ್ತಾರೆ. ಹೊಸಬರು ಬೇಸಿಗೆಯ ದೊಡ್ಡ ಪರೀಕ್ಷೆಗೆ ಬಾಗಿಲು ಹಾಕಿಕೊಂಡು ಕೂರುತ್ತಾರೆ.

ಎಂಟು ವರ್ಷದ ಹಿಂದೆ ಹಾಗೇ ಆಯಿತು. ಇನ್ನು ಹೊಸಬ ಓದುತ್ತಾನಲ್ಲ ಅಂದುಕೊಂಡು ಹಳೆಯ ಕಾರ್ಯದರ್ಶಿ ಕೈತೊಳೆದುಕೊಂಡಳು. ಪರೀಕ್ಷೆ ಮುಗಿಯುವವರೆಗೆ ಅವಳೇ ನೋಡಿಕೊಳ್ಳುತ್ತಾಳೆ ಎಂದು ಹೊಸಬ ನಿಶ್ಚಿಂತೆಯಿಂದಿದ್ದ. ಏಳು ವಾರ ಸಂಘದ ಮೇಲ್ ಯಾರೂ ತೆರೆಯಲಿಲ್ಲ. ಸಂಘದ ಸಭೆಯ ಕೋಣೆಯ ವಿಷಯಕ್ಕೆ ಎರಡು ಸಲ ಬರೆದು ಉತ್ತರ ಕಾಣದ ಎರ್ಲಿಂದಾ, ತಮ್ಮ ಕಾಲೇಜಿನವನೇ ಆಗಿದ್ದ ಆ ಹೊಸ ಕಾರ್ಯದರ್ಶಿ ಹುಡುಗನನ್ನು ಕರೆಸಿ ಎದುರಿಗೇ ಮೇಲ್ ತೆಗೆಸಿದರು.

ಒಳಗೆ ನೊಯೆಮಿ ಗಲಾವಿಸ್ ಎಂಬ ಹುಡುಗಿಯ ಮೂರು ಕಾಗದಗಳಿದ್ದವು. ಪ್ರಾಂತದ ಪಶ್ಚಿಮ ತುದಿಯ ಸಣ್ಣ ಕಾಲೇಜಿನಲ್ಲಿ ಮೊದಲ ವರ್ಷದವಳು. ಅಲ್ಲಿನ ಶಾಖೆಯ ಅಧ್ಯಕ್ಷೆ, ಸದಸ್ಯೆ ಎಲ್ಲ ಅವಳೊಬ್ಬಳೇ. ತನಗೊಬ್ಬ ಅಕ್ಕನನ್ನು ಗೊತ್ತುಮಾಡಿ ಕೊಡಿ ಎಂದು ಮೊದಲನೆಯದರಲ್ಲಿ ಕೇಳಿದ್ದಳು. ಓದು ತಲೆಗೆ ಹತ್ತುತ್ತಿಲ್ಲ, ಬಿಟ್ಟುಬಿಡೋಣ ಅನ್ನಿಸುತ್ತಿದೆ, ಅಮ್ಮನಿಗೆ ಹೇಳಿದರೆ ಅಳುತ್ತಾಳೆ ಎಂದು ಎರಡನೆಯದರಲ್ಲಿ ಬರೆದಿದ್ದಳು. ಮೂರನೆಯದರಲ್ಲಿ ಒಂದೇ ಸಾಲು: "ಯಾರಾದರೂ ಇದ್ದೀರಾ?"

ಕಾಗದದಲ್ಲಿದ್ದ ಮನೆಯ ನಂಬರಿಗೆ ಎರ್ಲಿಂದಾ ಆಗಲೇ ಫೋನ್ ಮಾಡಿದರು. ಎತ್ತಿದವಳು ತಾಯಿ. ಮಗಳು ಕಾಲೇಜು ಬಿಟ್ಟು ಬಂದು ಹನ್ನೊಂದು ದಿನವಾಯಿತು, ಯಾರ ಜೊತೆಗೂ ಮಾತಾಡುತ್ತಿಲ್ಲ ಎಂದಳಂತೆ. "ಆ ತಾಯಿ ಬೈದಿದ್ರೆ ಎಷ್ಟೋ ವಾಸಿಯಾಗಿತ್ತು," ಎನ್ನುತ್ತಾರೆ ಎರ್ಲಿಂದಾ. "ಫೋನ್ ಮಾಡಿದ್ರಲ್ಲ, ನಿಮಗೆ ಪುಣ್ಯ ಬರ್ಲಿ ಅಂದ್ಬಿಟ್ಟಳು."

ಅವತ್ತೇ ಹುಡುಗನಿಂದ ಪಾಸ್‌ವರ್ಡ್ ಬರೆಸಿಕೊಂಡವರು ಒಂದು ಬೆಳಗೂ ತಪ್ಪಿಸಿಲ್ಲ. ನಮ್ಮಜ್ಜಿ ಕೂಡ ಇಷ್ಟು ಬೇಗ ಏಳಲ್ಲ ದೋನ್ಯಾ, ಅಮ್ಮಾವ್ರೇ ಎಂದು ಈ ವರ್ಷದ ನಿರ್ದೇಶಕಿ ಇತ್ಸೆಲ್ ಛೇಡಿಸುತ್ತಾಳೆ. ನಿಮ್ಮಜ್ಜಿಗೆ ನಿನ್ನಂಥೋರು ಎಷ್ಟು ಜನ, ನನಗೆ ಹತ್ತೊಂಬತ್ತು ಕಾಲೇಜು ತುಂಬ ಇದ್ದೀರಲ್ಲ ಮಗಳೇ ಎಂದು ಇವರೂ ಬಿಡುವುದಿಲ್ಲ.

ಸಮ್ಮೇಳನದಲ್ಲಿ ಶಾಖೆಗಳ ಹೆಸರು ಕೂಗುವ ಪದ್ಧತಿಯಿದೆ. ಹೆಸರು ಬಂದ ಕೂಡಲೇ ಆ ಶಾಖೆಯವರು ಎದ್ದು "ಪ್ರೆಸೆಂತೆ" ಎಂದು ಒಕ್ಕೊರಲಿನಿಂದ ಹಾಜರಿ ಹೇಳಬೇಕು. ಎರಡು ವರ್ಷ ದನಿ ಕೇಳದಿದ್ದರೆ ಹೆಸರು ಹೊಡೆದುಹಾಕಬೇಕೆಂಬುದು ನಿಯಮ. ನೊಯೆಮಿಯ ಶಾಖೆಯದು ಎಂಟು ವರ್ಷದಿಂದ ಸದ್ದಿಲ್ಲ. ಆದರೂ ಹೆಸರು ಉಳಿದಿದೆ, ಯಾಕೆಂದರೆ ಪಟ್ಟಿ ಟೈಪ್ ಮಾಡುವುದು ಎರ್ಲಿಂದಾ. ಆ ಹೆಸರು ಬಂದಾಗ ಸಭಾಂಗಣ ಒಂದು ಗಳಿಗೆ ಸುಮ್ಮನಾಗುತ್ತದೆ. ಅವರು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಾರೆ.

ಈ ಮೇ ಕೊನೆಗೆ ಅವರಿಗೆ ನಿವೃತ್ತಿ. ಸಂಘದ ಮೇಲ್ ಇರುವುದು ಕಾಲೇಜಿನ ವ್ಯವಸ್ಥೆಯಲ್ಲಿ, ಕೆಲಸ ಬಿಟ್ಟವರಿಗೆ ಅದು ತೆರೆಯುವುದಿಲ್ಲ. ಅದಕ್ಕೇ ಅವರು ಸಮ್ಮೇಳನಕ್ಕೆ ಒಂದೇ ಒಂದು ಹೊಸ ನಿಯಮ ಬರೆದುಕೊಟ್ಟಿದ್ದರು: ಹೊಸ ಕಾರ್ಯದರ್ಶಿ ಹತ್ತು ಮೇಲ್‌ಗೆ ಉತ್ತರ ಬರೆಯುವ ತನಕ ಹಳಬರಿಗೆ ಬಿಡುಗಡೆ ಇಲ್ಲ. ಕಾರ್ಯಕ್ರಮದ ಕೊನೆಯ ವಿಷಯ ಅದು. ಅದಕ್ಕೂ ಮೊದಲು ಎರ್ಲಿಂದಾರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಹೂಗುಚ್ಛ, ಫಲಕ, ಆರು ಜನರ ಭಾಷಣ, ನಲವತ್ತು ನಿಮಿಷ. ಅಷ್ಟರಲ್ಲಿ ಸಭಾಂಗಣ ಬಿಟ್ಟುಕೊಡುವ ಹೊತ್ತಾಯಿತು. ನಿಯಮ ಮುಂದಿನ ಏಪ್ರಿಲ್‌ಗೆ ಹೋಯಿತು. ಈ ಬರಹಕ್ಕೆಂದು ಹೋಗಿ ಅಲ್ಲೇ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಎರ್ಲಿಂದಾ ಮಾತ್ರ ಹೂ ಹಿಡಿದುಕೊಂಡು ನಿಂತು, ಒಬ್ಬೊಬ್ಬರಿಗೂ ಕೈಮುಗಿಯುವಷ್ಟು ವಿನಯದಿಂದ ಥ್ಯಾಂಕ್ಸ್ ಹೇಳುತ್ತಿದ್ದರು.

ಫಲಕ ಈಗ ಮೇಜಿನ ಖಾನೆಯಲ್ಲಿದೆ. ಇನ್ನು ಹದಿನಾರು ಬೆಳಗು ಬಾಕಿ. ಹೊಸ ಕಾರ್ಯದರ್ಶಿಗೆ ಮೂರು ಸಲ ಹೇಳಿಕಳಿಸಿದ್ದಾರೆ. ಪರೀಕ್ಷೆ ಮುಗಿಸಿ ಬರುತ್ತೇನೆ ಎಂದಿದ್ದಾನೆ. ನಿಮಗೇನು ಆಸೆ ಎಂದು ಕೇಳಿದೆ. ತಣ್ಣಗಾದ ಟೋರ್ಟಿಯಾದ ಪೊಟ್ಟಣ ಬಿಚ್ಚಿದರು.

"ಬೆಳಿಗ್ಗೆ ಯಾರಾದ್ರೂ ಒಂದ್ಸಲ ತೆಗೀಲಿ ಅಷ್ಟೇ. ಉದ್ದುದ್ದ ಬರೀಬೇಕಿಲ್ಲ. ಇದ್ದೀವಿ ಅಂತ ಒಂದು ಮಾತು ಸಾಕು. ಅದೊಂದು ಮಾತು ಹೇಳೋಕೆ ನಾನು ಹನ್ನೊಂದು ದಿನ ತಡ ಮಾಡಿದೆ."