ಕಾಕಾ ಬರೆದ ಬಿದಿರು

ಆ ಬೆಳಗ್ಗೆಯೂ ಹಾಲು ಕಾಯಿಸಿ, ಮಗಳ ಡಬ್ಬಿ ಕಟ್ಟಿಕೊಟ್ಟು, ಚಹಾದ ಲೋಟ ಹಿಡಿದು ಎದುರುಮನೆಯ ಕಾಕಾ ಅವರ ಬಾಗಿಲು ತಟ್ಟಿದೆ. ಲೋಟಕ್ಕೆ ಚಾಚಿದ ಆ ಕೈ ಇನ್ನೂ ಕಣ್ಣ ಮುಂದಿದೆ. ಹೆಬ್ಬೆರಳಿನ ಉಗುರಿನ ಸುತ್ತ, ಎಷ್ಟು ತೊಳೆದರೂ ಹೋಗದ ಶಾಯಿಯ ಕಪ್ಪು. ಅಂದು ಕೈ ನಡುಗಿ ಚಹಾ ತುಳುಕಿತು.

ಮಲಾಡಿನ ನಮ್ಮ ಬಿಲ್ಡಿಂಗಿಗೆಲ್ಲ ಅವರು ಕಾಕಾ. ಧಾರವಾಡದ ಕಡೆಯವರು. ದಾದರಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ ಬರೀ ಕಪ್ಪು ಶಾಯಿ, ನೀರು, ಒಂದು ಕುಂಚ ಇಟ್ಟುಕೊಂಡು ಚಿತ್ರ ಬರೆಯುತ್ತಿದ್ದರು. ಬಿಲ್ಡಿಂಗಿನ ರಿಪೇರಿಗೆಂದು ಸುತ್ತಲೂ ಬಿದಿರಿನ ಸಾರುವೆ ಕಟ್ಟಿದಾಗ, ಬೆಳಕಿಲ್ಲ, ಬಟ್ಟೆ ಒಣಗುವುದಿಲ್ಲ ಎಂದು ನಾವೆಲ್ಲ ಗೊಣಗಿದೆವು. ಕಾಕಾ ಮಾತ್ರ ಕಿಟಕಿಗೆ ಕುರ್ಚಿ ಎಳೆದುಕೊಂಡು ಕೂತರು. ಬಿದಿರು ನೋಡಲು ಕಾಡಿಗೆ ಹೋಗಬೇಕಿತ್ತು, ಅದೇ ಮನೆಗೆ ಬಂತಲ್ಲ ಎಂದು ನಗುತ್ತಿದ್ದರು. ಒಂದೊಂದು ಗಳಕ್ಕೂ ಒಂದೇ ಎಳೆತ. ಹಗ್ಗದ ಗಂಟು ಬಂದಲ್ಲಿ ಕುಂಚ ಒತ್ತಿ ಒಂದು ಗಳಿಗೆ ನಿಲ್ಲುವುದು.

ನನಗೂ ಕಲಿಸಿದರು. ಕಾನ್ವೆಂಟಿನಲ್ಲಿ ಗೀಟು ಸೊಟ್ಟಗಾದರೆ ಸಿಸ್ಟರ್ ಅಳಿಸಿ ಬರೆಸುತ್ತಿದ್ದರು. ರಬ್ಬರ್ ಇಲ್ಲದೆ ನನ್ನ ಕೈ ಓಡುತ್ತಿರಲಿಲ್ಲ. ಕಾಕಾ ಹಳೆಯ ಪೇಪರಿನ ರಾಶಿಯನ್ನೇ ಮುಂದಿಟ್ಟು, ಇದಷ್ಟನ್ನೂ ಕೆಡಿಸು ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಏನನ್ನಾದರೂ ಕೆಡಿಸು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆ ಬೆಳಗ್ಗೆ ಕೆಲಸದವರು ಮೇಲಿನಿಂದ ಸಾರುವೆ ಬಿಚ್ಚುತ್ತ ಇಳಿಯುತ್ತಿದ್ದರು. ಮೇಜಿನ ಮೇಲಿನ ದೊಡ್ಡ ಹಾಳೆಯಲ್ಲಿ, ಕಿಟಕಿಗೆ ಎದುರಾಗಿದ್ದ ಉದ್ದನೆಯ ಅಡ್ಡಗಳವೊಂದೇ ಬಾಕಿ. ಕಾಕಾ ಕುಂಚವನ್ನು ಶಾಯಿಯಲ್ಲಿ ಅದ್ದಿದರು, ಕೈ ನಿಲ್ಲಲಿಲ್ಲ. ನನ್ನ ಕಡೆ ಚಾಚಿದರು.

"ನೀನ ಹಾಕವಾ."

"ಕೆಟ್ರ ಏನ್ ಮಾಡ್ಲಿ ಕಾಕಾ? ಎಷ್ಟು ದಿನದ ಕೆಲಸ ಇದು."

"ನೀ ಹಾಕಲಿಲ್ಲಂದ್ರ ಅರ್ಧಾನ ಉಳೀತದ. ಉಸಿರು ಬಿಡಕೋತ ಎಳಿ."

ಎಳೆದೆ. ನಡುವೆ ಗಳ ಬಾಗಿಬಿಟ್ಟಿತು. ಕಾಕಾ ಹಾಳೆ ನೋಡಿದರು, ಕಿಟಕಿಯಾಚೆ ನೋಡಿದರು.

"ಅಲ್ಲಿದೂ ಬಾಗೇದ. ಮಂದಿ ನಿಂತಾರಲ್ಲ ಅದರ ಮ್ಯಾಲೆ."

ತಮ್ಮ ಸಹಿಯ ಪಕ್ಕ ನನ್ನದನ್ನೂ ಹಾಕಿಸಿದರು. ಅದೇ ಅವರ ಕೊನೆಯ ಚಿತ್ರ. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ. ಕುಂಚ ನನ್ನ ಬಳಿ ಇದೆ. ಮಧ್ಯಾಹ್ನ ಮನೆ ಖಾಲಿಯಾದಾಗ ಇಂದಿಗೂ ಹಾಳೆ ಕೆಡಿಸುತ್ತೇನೆ.

ಸಾರುವೆ ಬಿಚ್ಚಿದ ಆ ದಿನ ಸಂಜೆ ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದೆ. ಪಕ್ಕದ ಮನೆಯ ವೈನಿ, ಅಂತೂ ಬೆಳಕು ಬಂತು ಎನ್ನುತ್ತ ಸೀರೆ ಮಡಚುತ್ತಿದ್ದವರು, ನನ್ನ ಕೈ ನೋಡಿದರು.

"ಉಗುರಿಗೇನಾತ್ರಿ? ಥೇಟ್ ಕಾಕಾನ ಕೈ ಆಗೇದಲ್ಲ."