ಸೀತತ್ತೆಗೆ ಓದಿ ಹೇಳದ ಅಧ್ಯಾಯ

ಆ ಹಳೆಯ ಇಂಗ್ಲಿಷ್ ಕಾದಂಬರಿಯನ್ನು ಬಿಡಿಸಿದರೆ ಈಗಲೂ ಒಣಸಿಗಡಿಯ ವಾಸನೆ ಬರುತ್ತದೆ. ಹಾರವಾಡದ ಮನೆಯ ಜಗಲಿಯಲ್ಲಿ ಸೀತತ್ತೆ ಸಿಗಡಿಯ ತಲೆ ಮುರಿಯುತ್ತ ಕೂತಿರುತ್ತಿದ್ದಳು. ಹೈಸ್ಕೂಲು ಹುಡುಗಿಯಾದ ನಾನು, ಕಾರವಾರದ ರದ್ದಿ ಅಂಗಡಿಯಲ್ಲಿ ಸಿಕ್ಕ ಆ ಪುಸ್ತಕವನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಅಮೆರಿಕದ ಪಡುವಣ ಬಯಲಿನ, ಕುದುರೆ ಬಂದೂಕುಗಳ ಕತೆ. ಹೇಳುವವಳು ಒಬ್ಬ ಮುದುಕಿ. ಅಪ್ಪ ಸತ್ತ ವರ್ಷ ಒರಟು ಗಂಡಸರ ನಡುವೆ ತಾನೊಬ್ಬಳೇ ಹುಡುಗಿಯಾಗಿ ದನದ ಹಿಂಡನ್ನು ಹೊಳೆ ದಾಟಿಸಿದ್ದನ್ನು ಅವಳು ಅಳದೆ, ಜಂಬ ಕೊಚ್ಚದೆ, ಕಂಡದ್ದನ್ನು ಕಂಡಂತೆ ಹೇಳುತ್ತಾಳೆ. ಮುಂದೆ ಪತ್ರಕರ್ತೆಯಾದ ನನಗೆ ವರದಿ ಬರೆಯುವುದನ್ನು ಮೊದಲು ಕಲಿಸಿದ್ದು ಯಾವ ಸಂಪಾದಕರೂ ಅಲ್ಲ, ಆ ಮುದುಕಿ.

ಆ ವರ್ಷದ ಬೇಸಿಗೆಯಲ್ಲಿ ಅತ್ತೆಯ ಗಂಡ, ನನ್ನ ಮಾವ, ತೀರಿಕೊಂಡಿದ್ದ. ದಂಡೆಯಿಂದ ಎಳೆಯುವ ರಂಪಣಿ ಬಲೆಯಲ್ಲಿ ಹಗ್ಗ ಹಿಡಿದವರಿಗೆ ಮೀನಿನ ಪಾಲು. ಮಳೆಗಾಲ ಕಳೆದು ಮೊದಲ ಬಲೆ ಬಿದ್ದ ದಿನ ಮನೆಯಿಂದ ಯಾರೂ ಹೋಗದಿದ್ದರೆ ಹಗ್ಗದಲ್ಲಿ ಮಾವನಿಗಿದ್ದ ಜಾಗ ಬೇರೆ ಮನೆಗೆ. ಅತ್ತೆಗೆ ಮಕ್ಕಳಿರಲಿಲ್ಲ. ಹೆಂಗಸರು ಬುಟ್ಟಿ ಹೊರುವವರು, ಹಗ್ಗ ಮುಟ್ಟುವವರಲ್ಲ.

"ಹೊಳೆ ದಾಟ್ಸಿದ್ಮೇಲೆ ಅವಳಿಗೆ ಎಂತ ಮಾಡಿದ್ರೇ?" ಎಂದು ಅತ್ತೆ ಕೇಳಿದಳು. ಮುಂದಿನ ಅಧ್ಯಾಯದಲ್ಲಿ ಊರವರು ಹಿಂಡಿನ ಮೇಲೆ ಅವಳ ಹಕ್ಕನ್ನೇನೋ ಒಪ್ಪುತ್ತಾರೆ, ಆದರೆ ಯಾರೂ ಅವಳ ಜೊತೆ ಮಾತಾಡುವುದಿಲ್ಲ. ನಾನು ಅತ್ತೆಯ ಮುಖ ನೋಡಿ, "ಎಲ್ಲರೂ ಶಾಭಾಸ್ ಅಂದ್ರು" ಎಂದು ಪುಟ ಮಗುಚಿದೆ.

ಮೊದಲ ಬಲೆಯ ದಿನ ನಾನು ಶಾಲೆಯಲ್ಲಿದ್ದೆ. ನಡೆದದ್ದನ್ನು ನೆರೆಮನೆಯ ಗಿರಿಜಕ್ಕ ಹೇಳಿದಳು. ಬಲೆಯ ಯಜಮಾನ ತಾಂಡೇಲ, "ಸೀತೂ, ಹಗ್ಗ ಬಿಡು. ಮೀನು ಹೆದ್ರಿ ಓಡ್ತದೆ" ಎಂದು ಎಲ್ಲರನ್ನೂ ನಗಿಸಿದನಂತೆ. "ನಿನ್ನ ಮೀಸೆಗೇ ಹೆದ್ರದ ಮೀನು ನನ್ನ ಸೆರಗಿಗೆ ಹೆದರ್ತದ್ಯಾ?" ಎಂದು ಅತ್ತೆ ಎಳೆದೇ ಎಳೆದಳಂತೆ. ಪಾಲು ಸಿಕ್ಕಿತು. ಆದರೆ ತುಂಬಿದ ಬುಟ್ಟಿಯನ್ನು ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಅಷ್ಟು ಹೆಂಗಸರಲ್ಲಿ ಒಬ್ಬಳೂ ಮುಂದೆ ಬರಲಿಲ್ಲ, ಗಿರಿಜಕ್ಕನೂ. ಅತ್ತೆ ಬುಟ್ಟಿಯನ್ನು ಮರಳಿನ ಮೇಲೆ ಮನೆತನಕ ಎಳೆದು ತಂದಳು.

"ಪುಸ್ತಕ್ದಲ್ಲಿ ಹೀಂಗಿರ್ಲಿಲ್ಲ ಅಲ್ದನೇ?" ಎಂದಳಷ್ಟೆ, ಸಂಜೆ.

ಈಗ ಆ ಮನೆಯಿಲ್ಲ, ಅತ್ತೆಯಿಲ್ಲ, ನಮ್ಮ ದಂಡೆಯಲ್ಲಿ ರಂಪಣಿಯೂ ಇಲ್ಲ. ಆ ಅಧ್ಯಾಯವನ್ನು ಎಷ್ಟೋ ಸಲ ಓದಿದ್ದೇನೆ. ನಿಜ ಹೇಳಿದ್ದರೆ ಅವಳು ಹೆದರಿ ಮನೆಯಲ್ಲೇ ಕೂರುತ್ತಿದ್ದಳೆಂದು ಆಗ ನಂಬಿದ್ದೆ. ಕೂರುತ್ತಿರಲಿಲ್ಲ. ಬುಟ್ಟಿ ಎತ್ತಿಕೊಡಲು ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು, ಬಹುಶಃ ನನ್ನನ್ನೇ.