ನಮ್ಮ ಹಳೆಯ ಕಾರಿಗೆ ನಾನೇ ಇಳಿಸಿದ ಬೆಲೆ

ಕಾರಿನ ವಿಮೆಗೆ ಅವರು ಕೇಳಿದ್ದು ಹದಿನೇಳು ಸಾವಿರ, ನಾನು ಕಟ್ಟಿದ್ದು ಒಂಬತ್ತು. ಎಂಟು ಸಾವಿರ ಉಳಿಸಿದೆನೆಂಬ ಖುಷಿಗೆ ಆ ದಿನ ತಿರುವನಂತಪುರದ ತಂಪಾನೂರಿನ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ಒಬ್ಬಳೇ ಮಸಾಲೆ ದೋಸೆ ತಿಂದೆ. ಅಷ್ಟು ಕಡಿಮೆಗೆ ಹೇಗೆ ಸಿಕ್ಕಿತು ಎಂದರೆ, ಕಾರಿನ ಬೆಲೆಯನ್ನು ನಾನೇ ಇಳಿಸಿದ್ದೆ. ಹಳೆಯ ಕಾರಿಗೆ ಶೋರೂಮಿನ ಬೆಲೆ ಎಂಬುದಿಲ್ಲ. ವಿಮೆ ಕಂಪನಿಯವರೂ ಕಾರಿನವರೂ ಮಾತಾಡಿ, ಇದಕ್ಕೆ ಇಷ್ಟು ಎಂದು ಒಪ್ಪಿಕೊಳ್ಳಬೇಕು. ಬೆಲೆ ಇಳಿದರೆ ಕಂತು ಇಳಿಯುತ್ತದೆ. ಕಾರು ಹೋದರೆ ಕೈಗೆ ಬರುವುದೂ ಅಷ್ಟೇ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಚೌಕಾಸಿಗೆ ಕೂತಾಗ ಎದುರಿನವರು ಹೇಳಿದ ಅಂಕಿಯೊಂದನ್ನು ಬಿಟ್ಟರೆ ಬೇರೇನೂ ನನ್ನ ಕಣ್ಣಿಗೆ ಬೀಳುವುದಿಲ್ಲ.

ಕಾರು ನನ್ನ ಗಂಡನದು. ನಾವಿಬ್ಬರೂ ಧಾರವಾಡದ ಕಡೆಯವರು. ಅವರು ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರ ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ನಿವೃತ್ತರಾಗಿ ಹೊರಟಿದ್ದ ಅಧಿಕಾರಿಯೊಬ್ಬರ ಮನೆಯ ಹಿಂದೆ ಆ ಕಾರು ಚಕ್ರವಿಲ್ಲದೆ ಇಟ್ಟಿಗೆಗಳ ಮೇಲೆ ನಿಂತಿತ್ತು. ಗುಂಡು ದೀಪ, ಮುಂದೆ ಒಂದೇ ಉದ್ದನೆಯ ಸೀಟು, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕೋಲು. ಅದನ್ನು ಲಾರಿಯಲ್ಲಿ ಹೇರಿಕೊಂಡು ಬಂದು ನಮ್ಮ ಕ್ವಾರ್ಟರ್ಸಿನ ಶೆಡ್ಡಿಗೆ ಇಳಿಸಿದರು. ಅಲ್ಲಿಂದ ಮುಂದೆ ನಮ್ಮ ಮನೆಯ ಭಾನುವಾರಗಳೆಲ್ಲ ಅದರ ಅಡಿಯಲ್ಲೇ ಕಳೆದವು. ಊಟಕ್ಕೆ ಕರೆಯಬೇಕಾದರೆ ಹೊರಗೆ ಕಾಣುತ್ತಿದ್ದ ಕಾಲನ್ನು ತಟ್ಟುತ್ತಿದ್ದೆ.

ಸಿಗದ ಭಾಗಗಳನ್ನು ಅವರು ಪರಿಚಯದವರ ಲೇತಿನಲ್ಲಿ ತಾವೇ ಮಾಡಿಕೊಂಡರು. ಗೇರಿನ ಕೋಲಿನ ತುದಿಯ ಗುಂಡನ್ನು ಹಿತ್ತಾಳೆಯಲ್ಲಿ ಕಡೆದು ತಂದ ದಿನ, ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿ ನೋಡಿದರು.

"ಇಷ್ಟು ಸಣ್ಣದಾ? ನಿಮ್ಮ ಕೈಯಾಗ ನಿಲ್ಲೂದಿಲ್ರೀ," ಎಂದೆ.

"ನನ್ನ ಕೈಗೆ ಯಾರ್ ಮಾಡ್ಯಾರ? ನೀ ಓಡ್ಸಾಕಿ."

"ನಾ ಓಡ್ಸಿದ್ರ ಮೆಣಸಿನಪುಡಿ ಯಾರ್ ಮಾರ್ತಾರ?"

"ಬರೇ ಮಾರೂದ ಆತು ನಿಂದು. ಒಂದಿನ ಕೂಡು, ಕಲಿಸ್ತೀನಿ."

ನಾನು ಕೂಡಲಿಲ್ಲ. ಚಟ್ನಿಪುಡಿ, ಮಸಾಲೆ ಖಾರ ಮಾಡಿ ಮಾರುವುದು ನನ್ನ ವ್ಯಾಪಾರ. ಮೊದಮೊದಲು ಕನ್ನಡದವರ ಮನೆಗಳಿಗೆ ಕೊಡುತ್ತಿದ್ದೆ, ಆಮೇಲೆ ತಂಪಾನೂರಿನ ಅಂಗಡಿಗಳಿಗೂ ಹಾಕತೊಡಗಿದೆ. ಕಾಳುಮೆಣಸು, ಏಲಕ್ಕಿ, ಒಣಶುಂಠಿ ತರಲು ರೈಲಿನಲ್ಲಿ ಕೊಚ್ಚಿಗೆ ಹೋಗಿ ಮಟ್ಟಾಂಚೇರಿಯ ಗೋದಾಮುಗಳನ್ನು ಸುತ್ತುತ್ತಿದ್ದೆ. ನನಗೆ ವ್ಯಾಪಾರ ಕಲಿಸಿದ್ದು ಆ ಗೋದಾಮುಗಳು. ಅಲ್ಲಿಯ ಪದ್ಧತಿ ಹೀಗೆ: ಸರಕು ಕೈಗೆ ಬಂದ ಕೂಡಲೇ ಅದರ ಹುಳುಕು ಹೇಳಬೇಕು. ಕಾಳು ಹಗುರ, ವಾಸನೆ ಇಲ್ಲ, ತಳದಲ್ಲಿ ಧೂಳು. ಎಷ್ಟು ಚೆಂದದ ಏಲಕ್ಕಿಯಾದರೂ ಸರಿ, ಮುಖ ಸಿಂಡರಿಸಿಕೊಂಡೇ ಮೂಸಬೇಕು. "ಈ ಚೇಚಿ ಬಂದರೆ ನಮ್ಮ ಚಿನ್ನವೂ ಹಿತ್ತಾಳೆ," ಎಂದು ಒಬ್ಬ ಮುದಲಾಳಿ, ಅಂದರೆ ಅಂಗಡಿಯ ಯಜಮಾನ, ನಗುತ್ತಿದ್ದ. ಕೇರಳದಲ್ಲಿ ಅಕ್ಕನಿಗೆ ಚೇಚಿ ಎನ್ನುತ್ತಾರೆ. ಆ ಮಾತು ನನಗೆ ಬಿರುದಿನ ಹಾಗೆ ಕೇಳುತ್ತಿತ್ತು.

ಅವರು ಹೋದದ್ದು ವರ್ಕ್‌ಶಾಪಿನಲ್ಲೇ, ಊಟದ ಡಬ್ಬಿ ತೆರೆಯುವ ಮೊದಲು. ಎದೆನೋವು ಎಂದು ಕೂತವರು ಏಳಲಿಲ್ಲ. ಸಂಜೆ ಡಬ್ಬಿಯನ್ನು ಯಾರೋ ತಂದು ಕೊಟ್ಟರು. ಕಟ್ಟಿಕೊಟ್ಟ ರೊಟ್ಟಿ ಹಾಗೇ ಇತ್ತು.

ಆ ತಿಂಗಳುಗಳಲ್ಲಿ ಕಾರಿನ ವಿಮೆಯ ಅವಧಿ ಮುಗಿದುಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಕ್ವಾರ್ಟರ್ಸ್ ಬಿಡಬೇಕು ಎಂದು ಕಚೇರಿಯಿಂದ ತಿಳಿಸಿದಾಗಲೇ ಶೆಡ್ಡಿನ ನೆನಪಾದದ್ದು. ಮಗಳು ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸದಲ್ಲಿದ್ದಳು, ಎಡಪ್ಪಳ್ಳಿಯಲ್ಲಿ ಅವಳ ಫ್ಲ್ಯಾಟು. ನಾನು ಅಲ್ಲಿಗೆ ಹೋಗುವುದೆಂದಾಯಿತು. ಅದೇ ಸಮಯಕ್ಕೆ ಹಳೆಯ ಕಾರುಗಳನ್ನು ಕೂಡಿಡುವ ಒಬ್ಬ ಶ್ರೀಮಂತ ಫೋನ್ ಮಾಡಿ, ನಾಲ್ಕು ಲಕ್ಷ ಕೊಡುತ್ತೇನೆ, ನಾಳೆಯೇ ಒಯ್ಯುತ್ತೇನೆ ಎಂದ. ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ. "ಅಮ್ಮಾ, ಆರ್ ಓಡಿಕ್ಕುಂ?" ಎಂದಳು. ಯಾರು ಓಡಿಸುತ್ತಾರೆ?

"ಯಾರೂ ಓಡ್ಸೂದು ಬ್ಯಾಡ. ನಮ್ಮ ಹತ್ರ ಇರ್ಲಿ," ಎಂದೆ.

ವಿಮೆ ಇಲ್ಲದೆ ಕಾರು ರಸ್ತೆಗಿಳಿಯುವಂತಿಲ್ಲ. ಕ್ವಾರ್ಟರ್ಸ್ ಬಿಡುವ ಮೊದಲು ವಿಮೆಯಾದರೆ ಕಾರು ನನ್ನದು, ಇಲ್ಲದಿದ್ದರೆ ಶ್ರೀಮಂತನದು. ಮಗಳ ಮನೆಗೆ ಹೋದಾಗ ಅಲ್ಲೇ ಎಡಪ್ಪಳ್ಳಿಯ ಒಂದು ವಿಮೆ ಕಚೇರಿಗೆ ಹೋದೆ. ಮೇಜಿನ ಆಚೆ ನನ್ನ ಮಗಳ ವಯಸ್ಸಿನ ಹುಡುಗಿ ಇದ್ದಳು. ನನ್ನ ಮುರುಕು ಮಲಯಾಳ ಅವಳಿಗೆ ಅರ್ಥವಾಯಿತು.

"ಚೇಚಿ, ನಿಮ್ಮ ಹೆಸರಲ್ಲಿ ಬೇರೆ ಕಾರಿದೆಯಾ? ಅದಕ್ಕೆ ಪಾಲಿಸಿ?"

"ನನ್ನ ಹೆಸರಲ್ಲಿ ಒಂದು ಸೈಕಲ್ಲೂ ಇಲ್ಲಮ್ಮ."

"ಹಾಗಾದರೆ ಕಷ್ಟ. ದಿನದ ಓಡಾಟಕ್ಕೆ ಬೇರೆ ಗಾಡಿ ಇದ್ದರೆ ಮಾತ್ರ ನಾವು ಹಳೆಯ ಕಾರಿಗೆ ಈ ಪಾಲಿಸಿ ಕೊಡೋದು. ಇಲ್ಲದಿದ್ದರೆ ನೀವು ಅದರಲ್ಲೇ ದಿನಾ ಮೀನು ತರಲು ಹೋಗ್ತೀರಿ."

"ನಾನು ಮೀನು ತಿನ್ನೋದಿಲ್ಲ."

ಅವಳು ನಕ್ಕಳು. ನಾನು ಮುಂದಿನ ದಾಳ ಹಾಕಿದೆ. ನನ್ನ ಗಂಡ ಇಷ್ಟು ವರ್ಷ ಒಂದೂ ಕ್ಲೇಮ್ ಮಾಡಿಲ್ಲ, ಅದಕ್ಕೆ ಸಿಗುವ ರಿಯಾಯಿತಿಯನ್ನಾದರೂ ನನಗೆ ಕೊಡಿ ಎಂದೆ. ಪಾಲಿಸಿ ಮುಗಿದು ಮೂರು ತಿಂಗಳು ದಾಟಿದೆ, ಆ ರಿಯಾಯಿತಿಯೂ ಹೋಯಿತು ಎಂದಳು.

"ಅವರೂ ಹೋದರು, ಅವರು ಗಳಿಸಿದ ಒಳ್ಳೆಯ ಹೆಸರೂ ಹೋಯಿತಾ?"

ಅವಳು ಕಂಪ್ಯೂಟರಿನ ಕಡೆ ತಿರುಗಿದಳು. ಪಾಲಿಸಿ ಕೊಟ್ಟರೆ ಕಂತು ಹದಿನೇಳು ಸಾವಿರ, ಕೊಡಬಹುದೇ ಎಂದು ಮ್ಯಾನೇಜರರನ್ನು ಕೇಳುತ್ತೇನೆ ಎಂದಳು.

ಮರುವಾರ ನಾನು ಚೀಲ ತುಂಬಿಕೊಂಡು ಹೋದೆ. ಮೆಟ್ರೋ ಕಾರ್ಡು, ರೈಲಿನ ಹಳೆಯ ಟಿಕೆಟ್ಟುಗಳು, ಸರಕು ಸಾಗಿಸಿದ ಬಾಡಿಗೆ ಗಾಡಿಯ ರಸೀದಿಗಳು, ಸಾಲದ್ದಕ್ಕೆ "ಈ ಚೇಚಿ ಎಲ್ಲಿಗೆ ಹೋಗುವುದಾದರೂ ನಮ್ಮ ಆಟೋದಲ್ಲೇ, ಪ್ರತಿ ಸಲವೂ ಬಾಡಿಗೆಗೆ ಜಗಳ" ಎಂದು ಆಟೋ ಸ್ಟ್ಯಾಂಡಿನವರು ಬರೆದು ಕೊಟ್ಟ ಚೀಟಿ. ಇನ್ನೊಂದು ಕಾರಿಲ್ಲದಿದ್ದರೂ ಈ ಕಾರು ದಿನಬಳಕೆಗಲ್ಲ ಎಂದು ಸಾಬೀತಾದರೆ ಸಾಕಲ್ಲ? ಮ್ಯಾನೇಜರರು ಆಟೋದವರ ಚೀಟಿಯನ್ನು ಎರಡು ಸಲ ಓದಿದರು. ನೋಟರಿಯ ಮುಂದೆ ಒಂದು ಪ್ರಮಾಣಪತ್ರ ಮಾಡಿಸಿ, ಸರ್ವೇಯರ್ ಬಂದು ಕಾರು ನೋಡಲಿ ಎಂದರು. ಗೆದ್ದೆ ಅಂದುಕೊಂಡೆ. ಗೆದ್ದದ್ದೂ ಹೌದು, ಅಲ್ಲಿಯವರೆಗೆ.

ಸರ್ವೇಯರ್ ತಿರುವನಂತಪುರದ ನಮ್ಮ ಶೆಡ್ಡಿಗೆ ಬಂದರು. ವಯಸ್ಸಾದವರು. ಛತ್ರಿ ಮಡಚಿ ಗೋಡೆಗೆ ಒರಗಿಸಿ, ಕಾರಿನ ಸುತ್ತ ಚಪ್ಪಲಿ ಸಪ್ಪಳವಿಲ್ಲದೆ ನಡೆದರು. ಬಾನೆಟ್ ಎತ್ತಿ ಬಹಳ ಹೊತ್ತು ನಿಂತರು.

"ಯಾರು ಮಾಡಿದ್ದು ಈ ಕೆಲಸ?"

"ನನ್ನ ಗಂಡ."

"ನಾಲ್ಕು ಲಕ್ಷ ಬರೆಯಬಹುದು," ಎಂದರು.

ಸರಕನ್ನು ಹೊಗಳಿದರು ಅಂದರೆ ದರ ಏರುತ್ತದೆ. ನನ್ನ ಬಾಯಿ ತಾನಾಗಿಯೇ ತೆರೆಯಿತು. "ನಾಲ್ಕು ಎಲ್ಲಿಂದ ಬಂತು ಸಾರ್? ಈ ಎಡಗಡೆ ಬಾಗಿಲು ಎತ್ತಿ ಹಾಕದಿದ್ದರೆ ಮುಚ್ಚೋದಿಲ್ಲ. ಸೀಟಿನ ರೆಕ್ಸಿನ್ ಪೇಟೆಯದು. ಹಾರ್ನ್ ಬೇರೆ ಗಾಡಿಯದು. ಬಣ್ಣ ಮನೆಯಲ್ಲೇ ಬಳಿದದ್ದು, ಇಲ್ಲಿ ನೋಡಿ, ಇಳಿದಿದೆ. ಈ ಗೇರಿನ ಗುಂಡು ನೋಡಿ, ಒರಿಜಿನಲ್ ಅಲ್ಲ, ಹಿತ್ತಾಳೆ ತುಂಡು, ಅಳತೆಯೂ ಸರಿ ಇಲ್ಲ."

ಅವರು ಗುಂಡನ್ನು ಹಿಡಿದು ನೋಡಿದರು. ಅದು ಅವರ ಮುಷ್ಟಿಯಲ್ಲಿ ಕಾಣದಾಯಿತು.

"ಚೇಚಿ, ನೀವು ಮಾರುವವರಾ, ಕೊಳ್ಳುವವರಾ?"

"ಎರಡೂ ಅಲ್ಲ ಸಾರ್, ಕಂತು ಕಟ್ಟುವವಳು."

"ಕಡಿಮೆ ಬರೆದರೆ ಕಡಿಮೆಯೇ ಸಿಗೋದು."

"ನಿಂತ ಕಾರಿಗೆ ಏನಾಗ್ತದೆ?"

ಒಂದೂವರೆ ಲಕ್ಷಕ್ಕೆ ಇಳಿಸಿದೆ. ಸಹಿ ಮಾಡಿದೆ. ನನ್ನ ಜೀವನದಲ್ಲಿ ನನ್ನ ಹೆಸರಿಗೆ ಬಂದ ಮೊದಲ ಪಾಲಿಸಿ ಅದು. ಆಗ ತಿಂದದ್ದೇ ಆ ಮಸಾಲೆ ದೋಸೆ.

ಕಾರನ್ನು ಕೊಚ್ಚಿಗೆ ಓಡಿಸಿಕೊಂಡು ಬಂದವರು ನನ್ನ ಗಂಡನ ಸಹೋದ್ಯೋಗಿ. ನಾನು ಪಕ್ಕದಲ್ಲಿ ಕೂತಿದ್ದೆ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದಲ್ಲೆಲ್ಲ ಜನ ಬಂದು ಫೋಟೋ ತೆಗೆದುಕೊಂಡರು. ಒಬ್ಬ ಮುದುಕ ದೀಪ ಮುಟ್ಟಿ ನೋಡಿ, "ಮಾರ್ತೀರಾ?" ಎಂದ. "ಇಲ್ಲ," ಎಂದೆ. ಬೆಲೆ ಎಷ್ಟು ಎಂದು ಕೇಳದೆ ಇಲ್ಲ ಎಂದದ್ದು ಅದೇ ಮೊದಲು.

ಮೊದಲ ಮಳೆಗಾಲದಲ್ಲೇ ಫ್ಲ್ಯಾಟಿನ ನೆಲಮಾಳಿಗೆಗೆ ನೀರು ನುಗ್ಗಿತು. ಬೆಳಿಗ್ಗೆ ಕಾವಲುಗಾರ ಬಾಗಿಲು ಬಡಿದಾಗ ನಾನು ಚಟ್ನಿಪುಡಿ ಕುಟ್ಟುತ್ತಿದ್ದೆ. ಇಳಿದು ನೋಡಿದರೆ ಉಳಿದವರ ಕಾರುಗಳನ್ನೆಲ್ಲ ಆಗಲೇ ಮೇಲೆ ಒಯ್ದಿದ್ದರು. ಕೀ ತಿರುಗಿಸಿ ಒಂದಿಷ್ಟು ಮೇಲಕ್ಕೆ ಓಡಿಸಲು ಬರುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಮಗಳು ಊರಲ್ಲಿರಲಿಲ್ಲ. ಇದ್ದಿದ್ದರೂ ಅವಳಿಗೆ ಆ ಗೇರು ತಿಳಿಯದು. ನೀರು ಸ್ಟೀರಿಂಗಿನವರೆಗೆ ಬಂದಿತ್ತು. ಒಳಗೆ ನೀರಿನ ಮೇಲೆ ಗುಂಡು ಮಾತ್ರ ಕಾಣುತ್ತಿತ್ತು.

ಮೆಕ್ಯಾನಿಕ್ ಹೇಳಿದ ರಿಪೇರಿಯ ಖರ್ಚು ಒಂದೂವರೆ ಲಕ್ಷವನ್ನು ದಾಟಿತು. ಹಾಗಾದರೆ ಕಾರು ಪೂರ್ತಿ ಹೋದ ಲೆಕ್ಕ, ಕಂಪನಿಯವರು ಹಣ ಕೊಟ್ಟು ಕಾರನ್ನು ಗುಜರಿಗೆ ಹಾಕುತ್ತಾರೆ. ನಾಲ್ಕು ಲಕ್ಷ ಬರೆದಿದ್ದರೆ ರಿಪೇರಿ ಮಾಡಿಸಿ ಕೊಡುತ್ತಿದ್ದರು. ಕಚೇರಿಗೆ ಜಗಳಕ್ಕೆಂದೇ ಸಿದ್ಧಳಾಗಿ ಹೋದೆ. ಅದೇ ಹುಡುಗಿ. ಜಗಳಕ್ಕೆ ಏನೂ ಸಿಗಲಿಲ್ಲ. ಕಡಿತವಿಲ್ಲ, ತಕರಾರಿಲ್ಲ, ಒಪ್ಪಿದ ಹಣ ಒಪ್ಪಿದ ಹಾಗೆ.

"ಸ್ವಲ್ಪ ಏರಿಸೋಕೆ ಬರೋದಿಲ್ವಾ?" ಎಂದೆ.

"ನೀವೇ ಹೇಳಿದ ಬೆಲೆ ಅಲ್ವಾ ಚೇಚಿ," ಎಂದಳು. ಚುಚ್ಚುವುದಕ್ಕೆ ಹೇಳಿದ್ದಲ್ಲ. ನೀರು ತಂದುಕೊಟ್ಟಳು.

ಗುಜರಿಯವನ ಲಾರಿ ಬಂತು. ಅವನ ಆಳುಗಳು ಹಗ್ಗ ಕಟ್ಟುತ್ತಿದ್ದಾಗ ನಾನು ಮುಂದಿನ ಸೀಟಿಗೆ ಹತ್ತಿ ಗುಂಡನ್ನು ತಿರುಗಿಸಿ ಬಿಚ್ಚಿಕೊಂಡೆ. ಗುಜರಿಯವನು ನೋಡಿದ.

"ಇದಕ್ಕೆಷ್ಟು?" ಎಂದೆ.

ಅವನು ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಮುಖ ಸಿಂಡರಿಸಿದ. "ಇದು ಒರಿಜಿನಲ್ ಅಲ್ಲ ಚೇಚಿ. ಏನೂ ಬರೋದಿಲ್ಲ. ಇಟ್ಕೊಳ್ಳಿ."

"ಹಾಗಂದ್ರೇನು? ಒಂದು ಬೆಲೆ ಹೇಳಪ್ಪ."

"ಬೇಡ ಚೇಚಿ."

"ಹೇಳು ಅಂದೆನಲ್ಲ!" ಎಂದು ಕಿರುಚಿದೆ. ಆಳುಗಳು ಕೈಬಿಟ್ಟು ನೋಡಿದರು. ಪರ್ಸಿನಲ್ಲಿದ್ದದ್ದೆಲ್ಲ ತೆಗೆದು ಅವನ ಕಡೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಲಾರಿ ಹೊರಟ ಮೇಲೂ ನಾನು ಹಣ ಹಿಡಿದುಕೊಂಡೇ ನಿಂತಿದ್ದೆ ಎಂದು ಕಾವಲುಗಾರ ಆಮೇಲೆ ಮಗಳಿಗೆ ಹೇಳಿದನಂತೆ.

ನಿಮ್ಮ ಮನೆಯಲ್ಲೂ ಇಂಥ ಕಾರಿದ್ದರೆ ಕೇಳಿ. ಮನೆಯ ಒಂದು ಗಾಡಿಯಾದರೂ ನಿಮ್ಮ ಹೆಸರಿನಲ್ಲಿರಲಿ, ಅದಕ್ಕೊಂದು ಪಾಲಿಸಿ ಇರಲಿ. ಇಲ್ಲದಿದ್ದರೂ ಎದೆಗುಂದಬೇಡಿ. ದಿನಬಳಕೆಗೆ ಬೇರೆ ದಾರಿ ಇದೆ ಎಂದು ತೋರಿಸುವ ಟಿಕೆಟ್ಟು, ರಸೀದಿ ಏನಿದ್ದರೂ ಒಯ್ದು ಮೇಜಿನ ಮೇಲೆ ಸುರಿಯಿರಿ, ಮೊದಲ "ಇಲ್ಲ"ಕ್ಕೆ ಎದ್ದು ಬರಬೇಡಿ. ಮನೆಯಲ್ಲಿ ಸಾವಾದರೆ, ಎಷ್ಟೇ ಕಷ್ಟವಾದರೂ, ಗಾಡಿಯ ಪಾಲಿಸಿ ಯಾವಾಗ ಮುಗಿಯುತ್ತದೆಂದು ಯಾರಾದರೂ ಒಬ್ಬರು ನೋಡಿ. ಕಂತಿಗೆ ಬೇಕಾದಷ್ಟು ಚೌಕಾಸಿ ಮಾಡಿ, ಮೂರು ಕಂಪನಿ ಸುತ್ತಿ. ಕಾರಿನ ಬೆಲೆಗೆ ಮಾತ್ರ ಬೇಡ. ಸರ್ವೇಯರ್ ಬಂದಾಗ ಚಹಾ ಕೊಟ್ಟು, ಅವರು ಹೊಗಳಿದರೆ ಹೌದು ಎನ್ನಿ. ನೆಲಮಾಳಿಗೆಯಲ್ಲಿ ನಿಲ್ಲಿಸಬೇಡಿ. ಓಡಿಸುವುದನ್ನು ಕಲಿಯಿರಿ, ಕಲಿಸುತ್ತೇನೆ ಎನ್ನುವವರು ಮನೆಯಲ್ಲಿರುವಾಗಲೇ.